60 ಕ್ರೆಡಿಟ್‌ಗಳ ಬುತ್ತಿ

ಕೆನಡಾದ ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ, ಪ್ರೊಡಕ್ಷನ್ ವೇ ನಿಲ್ದಾಣದಲ್ಲಿ ಸ್ಕೈಟ್ರೇನ್ ಇಳಿದು 145ನೇ ಬಸ್ ಹಿಡಿದರೆ ಅದು ಬರ್ನಬಿ ಬೆಟ್ಟ ಹತ್ತುತ್ತದೆ. ಕೆಳಗೆ ಬಿಸಿಲಿದ್ದರೂ ಮೇಲೆ ಎಷ್ಟೋ ದಿನ ಮಂಜು. ನನಗೆ ಬಿಸಿಲೆ ಘಾಟಿಯ ಬೆಳಗು ನೆನಪಾಗುತ್ತದೆ. ಆ ಬೆಟ್ಟದ ಮೇಲಿನ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದಲ್ಲಿ ನಾನೀಗ ಮೂರನೇ ವರ್ಷದ ವಿದ್ಯಾರ್ಥಿನಿ. ಮುಖ್ಯ ವಿಷಯ (ಮೇಜರ್) ಮನೋವಿಜ್ಞಾನ, ಉಪವಿಷಯ (ಮೈನರ್) ಶೈಕ್ಷಣಿಕ ಮನೋವಿಜ್ಞಾನ. ಮೊದಲೆರಡು ವರ್ಷ ಓದಿದ್ದು ಮಾತ್ರ ಮನೆಯ ಹತ್ತಿರದ ಕಾಲೇಜೊಂದರಲ್ಲಿ.

“ಕಾಲೇಜೇ ಬೇರೆ, ಯೂನಿವರ್ಸಿಟಿಯೇ ಬೇರೆಯೇನಮ್ಮಾ?” ಎಂದು ಅತ್ತೆ ಫೋನಿನಲ್ಲಿ ಕೇಳಿದರು. ನಮ್ಮಲ್ಲಿ ಹೆಚ್ಚಿನ ಕಾಲೇಜುಗಳು ವಿಶ್ವವಿದ್ಯಾಲಯವೊಂದರ ಅಧೀನದಲ್ಲಿರುತ್ತವೆ. ಸೇರಿದಲ್ಲೇ ಪದವಿ ಮುಗಿಸುತ್ತೇವೆ. ಇಲ್ಲಿ ಎರಡೂ ಪ್ರತ್ಯೇಕ ಸಂಸ್ಥೆಗಳು. ಈ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1989ರಿಂದ ಇವೆರಡನ್ನು ಬೆಸೆಯಲೆಂದೇ ಒಂದು ಮಂಡಳಿಯಿದೆ. ಅದರ ‘ಬಿ.ಸಿ. ಟ್ರಾನ್ಸ್‌ಫರ್ ಗೈಡ್’ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಏನೆಂದು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅದರಲ್ಲಿ ನೋಡಬಹುದು. ಕೋರ್ಸು ಮುಗಿಸಿದಾಗ ಅದಕ್ಕೆ ಇಂತಿಷ್ಟು ಕ್ರೆಡಿಟ್ ಸಿಗುತ್ತದೆ; ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ 60ರವರೆಗೆ ಹೊತ್ತುಕೊಂಡು ಬರಬಹುದು. ಕಾಲೇಜಿನ ಶುಲ್ಕ ಕಡಿಮೆ, ತರಗತಿಯೂ ಚಿಕ್ಕದು.

ನಾನು ಎಡವಿದ್ದೂ ಅಲ್ಲೇ. ಆಪ್ತಸಮಾಲೋಚನೆಯ ಒಂದು ಕೋರ್ಸನ್ನು ಗೈಡ್ ನೋಡದೆ, ಇಷ್ಟವೆಂದು ತೆಗೆದುಕೊಂಡೆ. ಅದರ ಕ್ರೆಡಿಟ್ ಬಂತು, ಆದರೆ ಯಾವ ನಿಗದಿತ ಕೋರ್ಸಿಗೂ ಸಮವಲ್ಲದ ಬಿಡಿ ಕ್ರೆಡಿಟ್ ಆಗಿ ಬಂತು. ಮೇಜರ್‌ಗೂ ಮೈನರ್‌ಗೂ ಅದು ಒದಗಲಿಲ್ಲ. ಬರುವವರಿಗೆ ನನ್ನ ವಿನಂತಿ: ಮೊದಲ ದಿನ ಕೈಗೆ ಕೊಡುವ ಕೋರ್ಸಿನ ರೂಪುರೇಷೆಯ ಹಾಳೆಗಳನ್ನು ಎಸೆಯಬೇಡಿ. ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮವೆಂದು ಇನ್ನೂ ನಿರ್ಧಾರವಾಗದ ಕೋರ್ಸಿಗೆ ಅವೇ ಸಾಕ್ಷಿ. ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನದ ಕೋರ್ಸುಗಳನ್ನು ಮುಂದೂಡಲೂ ಬೇಡಿ. ಮೇಲಿನ ತರಗತಿಗಳ ಬಾಗಿಲು ತೆರೆಯುವುದು ಅವುಗಳಿಂದ. ಶಾಲಾ ಮನೋವಿಜ್ಞಾನಿಯಾಗುವ ಆಸೆಯಿದ್ದರೆ ಇದರ ಮೇಲೆ ಸ್ನಾತಕೋತ್ತರ ಪದವಿಯೂ ಬೇಕು.

ಈ ವಯಸ್ಸಿನಲ್ಲಿ ಇದನ್ನೇ ಏಕೆ ಆರಿಸಿಕೊಂಡೆ ಎಂದು ಕೇಳುವವರಿದ್ದಾರೆ. ಪಿಯುಸಿ ನಂತರ ಡಿ.ಇಡಿ. ಮಾಡಿ, ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿದವಳು ನಾನು. ಐದು ತರಗತಿಗೆ ನಾವಿಬ್ಬರೇ ಶಿಕ್ಷಕಿಯರು. ನಾಲ್ಕನೇ ತರಗತಿಯ ಹುಡುಗನೊಬ್ಬ ಸ್ಲೇಟನ್ನು ಮಗುಚಿಟ್ಟು, “ನನಗೆ ಲೆಕ್ಕ ಬರಲ್ಲ ಮಿಸ್” ಎನ್ನುತ್ತಿದ್ದ. “ಬರುತ್ತದೆ ಕಣೋ, ಮಾಡು” ಎಂದು ದಿನವೂ ಹೇಳಿದೆ. ನನ್ನ ಬಳಿ ಇದ್ದದ್ದು ಆ ಮಾತೊಂದೇ.

ಕಾಲೇಜಿನಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಅವರ ಬಗ್ಗೆ ಓದಿದ ದಿನ ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿಹೋಗಿತ್ತು. ಅವರು ಹುಟ್ಟಿದ್ದು 1925ರಲ್ಲಿ, ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಮಂಡೇರ್ ಎಂಬ ಪುಟ್ಟ ಊರಿನಲ್ಲಿ. ಅವರ ಪ್ರೌಢಶಾಲೆಯಲ್ಲೂ ಇಬ್ಬರೇ ಶಿಕ್ಷಕರು! 1949ರಲ್ಲಿ ಇದೇ ವ್ಯಾಂಕೂವರ್‌ನಲ್ಲಿ ಪದವಿ ಪಡೆದರು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮನುಷ್ಯನಲ್ಲಿ ಎಲ್ಲಿಂದ ಹುಟ್ಟುತ್ತದೆ ಎಂದು 1977ರಲ್ಲಿ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಇತರರ ಭರವಸೆಯ ಮಾತು, ಮೈಮನಸ್ಸಿನ ಆ ಹೊತ್ತಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಬರಿಯ ಮಾತು, ಮುಂದಿನ ಸೋಲಿಗೇ ಕರಗಿಬಿಡುತ್ತದೆ.

ಮೂವತ್ತೈದು ಜನರ ಆ ಕಾಲೇಜು ತರಗತಿಯಲ್ಲಿ, ನನ್ನ ಮುರುಕು ಇಂಗ್ಲಿಷಿನ ಎರಡು ಪುಟದ ಪ್ರಬಂಧಕ್ಕೆ ಮೊದಲ ಬಾರಿ ‘ಬಿ’ ಬಂದಾಗ ನನ್ನಲ್ಲೂ ಆ ನಂಬಿಕೆ ಹುಟ್ಟಿತು. ನೇರವಾಗಿ ಬೆಟ್ಟದ ಮೇಲಿನ ದೊಡ್ಡ ಸಭಾಂಗಣಕ್ಕೆ ಬಂದಿದ್ದರೆ ನಾನೂ ಸ್ಲೇಟು ಮಗುಚಿಡುತ್ತಿದ್ದೆನೇನೋ.

ಆ ಹುಡುಗ ಈಗ ಮೀಸೆ ಬಂದ ಯುವಕನಾಗಿರಬೇಕು. ಹತ್ತನ್ನು ಬಿಡಿಗಳಾಗಿ ಬಿಡಿಸಿ ಕಳೆಯುವ ಲೆಕ್ಕವನ್ನು ಅವನ ಮುಂದಿಡುವ ಮೊದಲು, ಹತ್ತು ಕಡ್ಡಿಗಳ ಒಂದು ಕಟ್ಟು ಕೊಟ್ಟು, ಅದನ್ನು ಅವನ ಕೈಯಿಂದಲೇ ಬಿಚ್ಚಿಸಿ, ಮೂರನ್ನು ತೆಗೆದಿಡಲು ಹೇಳಬೇಕಿತ್ತು.