ಹೊಳೆಯುವ ಪೈಪು, ಡಬ್ಬಿಯಲ್ಲಿ ಉಳಿದ ಕ್ಲಾಂಪು

"ನನ್ನನ್ನ ಯಾರು ಕೇಳಿದ್ರು?" ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿ ಹೇಳಿದ ಈ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ.

ಗೆಳೆಯನ ಹಳೆಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಓಡುತ್ತಿತ್ತು. ಪಂಪಿನಿಂದ ಇಂಜೆಕ್ಟರಿಗೆ, ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗಕ್ಕೆ, ಹೋಗುವ ಮೂರನೇ ಪೈಪಿನ ನಟ್ಟಿನ ಹತ್ತಿರ ತೆಳ್ಳಗೆ ಹೊಗೆಯಂಥದ್ದು ಕಾಣಿಸಿತು. ಅದು ಹೊಗೆಯಲ್ಲ, ಬಿರುಕಿನಿಂದ ಚಿಮ್ಮುತ್ತಿದ್ದ ಡೀಸೆಲ್. ಎಲ್ಲಿಂದ ಬರ್ತಿದೆ ಅಂತ ಮುಟ್ಟಿ ನೋಡಲು ಕೆಲಸದ ಹುಡುಗ ಬೆರಳು ಚಾಚಿದ. "ಕೈ ತೆಗಿಯೋ!" ಎಂದು ಮೇಸ್ತ್ರಿ ಕೂಗಿದರು. ಇನ್ನು ಒಂದು ಗೇಣು ಇತ್ತು ಅಷ್ಟೇ. ಆ ಗೇಣು ಜಾಗವನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ.

ಕಾರಿನ ಟೈರಿನಲ್ಲಿರುವ ಒತ್ತಡ ಸುಮಾರು 2 ಬಾರ್. ಇಂಥ ಎಂಜಿನ್ನಿನ ಇಂಜೆಕ್ಟರ್ ಬಾಯಿ ತೆರೆಯುವುದೇ 200 ಬಾರ್ ಆಸುಪಾಸಿನಲ್ಲಿ. ಅಷ್ಟು ಒತ್ತಡದಲ್ಲಿ ಕೂದಲೆಳೆಯಂಥ ಬಿರುಕಿನಿಂದ ಬರುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ನುಗ್ಗುತ್ತದೆ. ಸೋರಿಕೆ ಹುಡುಕಬೇಕಾದರೆ ದೂರದಿಂದ ರಟ್ಟು ಹಿಡಿದು ನೋಡಬೇಕು, ಕೈಯಿಂದ ಎಂದೂ ಅಲ್ಲ. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಬಿರುಕು ಯಾಕೆ ಬಂತು? ಗೆಳೆಯ ಆಸೆಪಟ್ಟು ನಾಲ್ಕೂ ಪೈಪುಗಳನ್ನು ಬಿಚ್ಚಿಸಿ, ತುಕ್ಕು ತೆಗೆಸಿ, ಪಾಲಿಶ್ ಮಾಡಿಸಿದ್ದ. ಆ ಕೆಲಸ ನಿಜಕ್ಕೂ ಚೆನ್ನಾಗಿತ್ತು. ತುಕ್ಕು ಉಜ್ಜುವಾಗ ಪೈಪಿನ ಎರಡೂ ಬಾಯಿಗೆ ಮುಚ್ಚಳ ಹಾಕಿದ್ದರು, ಜೋಡಿಸುವ ಮೊದಲು ಒಳಗೆ ಡೀಸೆಲ್ ಹರಿಸಿ ತೊಳೆದಿದ್ದರು. ಇದರಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಜಾಸ್ತಿಯಲ್ಲ. ಇಂಜೆಕ್ಟರಿನ ತುದಿಯಲ್ಲಿರುವ ನಾಜಲ್ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಒಂದು ಚೂರು ದೂಳು ಸಾಕು ಸೂಜಿ ಸಿಕ್ಕಿಕೊಳ್ಳಲು. ನಟ್ಟು ಬಿಚ್ಚುವಾಗ ಪಂಪಿನ ಕಡೆ ಇನ್ನೊಂದು ಸ್ಪ್ಯಾನರ್ ಹಿಡಿದು, ನಟ್ಟಿನ ಕೆಳಗೆ ಪಂಪಿಗೆ ಕೂತಿರುವ ಹೋಲ್ಡರ್ ತಿರುಗದಂತೆ ನೋಡಿಕೊಂಡಿದ್ದರು. ಮೇಸ್ತ್ರಿಯ ಕೈಗುಣದ ಬಗ್ಗೆ ನನಗೆ ಎರಡು ಮಾತಿಲ್ಲ.

ಆದರೆ ಕ್ಲಾಂಪುಗಳು ಡಬ್ಬಿಯಲ್ಲೇ ಉಳಿದವು. ಪೈಪುಗಳನ್ನು ಜೋಡಿ ಹಿಡಿದಿಡುವ, ಒಳಗೆ ರಬ್ಬರ್ ಇರುವ ಆ ಚಿಕ್ಕ ತಗಡುಗಳು ಹೊಳಪಿಗೆ ಅಡ್ಡ ಬರುತ್ತವಂತೆ. "ಅದಿಲ್ಲದೆ ನೀಟಾಗಿ ಕಾಣ್ತಿದೆ, ಬಿಡಿ" ಅಂದನಂತೆ ಗೆಳೆಯ. ನಿಮಿಷಕ್ಕೆ 1500 ಸುತ್ತಿನಲ್ಲಿ ಓಡುವ ಇಂಥ ಎಂಜಿನ್ನಿನ ಒಂದೊಂದು ಪೈಪಿಗೂ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 750 ಸಲ ಒತ್ತಡದ ಏಟು ಬೀಳುತ್ತದೆ. ಅದರ ಜೊತೆಗೆ ಎಂಜಿನ್ನಿನ ನಡುಕ. ಹಿಡಿಯುವವರಿಲ್ಲದ ಪೈಪು ಅಲುಗಿ ಅಲುಗಿ ನಟ್ಟಿನ ಬುಡದಲ್ಲೇ ದಣಿಯುತ್ತದೆ. ಅಲ್ಲೇ ಸೀಳಿದ್ದು.

ಇದೆಲ್ಲ ಮೇಸ್ತ್ರಿಗೆ ಗೊತ್ತಿತ್ತು. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ?" ಅಂತ ಕೇಳಿದಾಗ ಬಂದ ಉತ್ತರ ಅದು: ನನ್ನನ್ನ ಯಾರು ಕೇಳಿದ್ರು?

ನನಗೆ ಗೆಳೆಯನ ಮೇಲಿಗಿಂತ ಮೇಸ್ತ್ರಿಯ ಮೇಲೆ ಸಿಟ್ಟು ಜಾಸ್ತಿ. ಗೆಳೆಯನಿಗೆ ಅಂದದ ಹುಚ್ಚು, ಆದರೆ ಹೇಳಿದರೆ ಕೇಳುವವನು. ಮೇಸ್ತ್ರಿಯೋ, ಹೇಳಿದ ಮಾತನ್ನು ಯಾವತ್ತೋ ಯಾರೋ ತಳ್ಳಿಹಾಕಿದ ನೋವನ್ನು ಇನ್ನೂ ಹೊತ್ತುಕೊಂಡವರಂತೆ ಕಾಣುತ್ತಾರೆ. ಅದು ನನಗೆ ಅರ್ಥವಾಗುತ್ತದೆ. ದುಡ್ಡು ಕೊಡುವವರ ಮುಂದೆ ಬಾಯಿ ಕಟ್ಟಿಕೊಳ್ಳುವುದು ಎಷ್ಟು ಕೆಲಸಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ, ಅಲ್ವಾ? ಆದರೆ ಅವರ ಮೌನಕ್ಕೆ ಬೆಲೆ ತೆರಬೇಕಾಗಿದ್ದವನು ಆ ಹುಡುಗ. ಅವನನ್ನೂ ಯಾರೂ ಏನೂ ಕೇಳಿರಲಿಲ್ಲ.

ಸೀಳಿದ ಪೈಪನ್ನು ಬೆಸೆದು ಸರಿ ಮಾಡುವಂತಿಲ್ಲ, ಹೊಸದೇ ಬೇಕು. ಅದೂ ಅದೇ ಉದ್ದ, ಅದೇ ಒಳ ಅಳತೆಯದು. ನಾಲ್ಕೂ ಸಿಲಿಂಡರಿಗೆ ಅದರದರ ಸರದಿಯಲ್ಲಿ ಡೀಸೆಲ್ ಸರಿಯಾದ ಹೊತ್ತಿಗೆ ತಲುಪಲಿ ಅಂತಲೇ ಹತ್ತಿರದ ಸಿಲಿಂಡರಿನ ಪೈಪನ್ನೂ ಬಳಸಿ ತಿರುಗಿಸಿ ಒಂದೇ ಉದ್ದ ಇಟ್ಟಿರುತ್ತಾರೆ. ಹೊಸದನ್ನು ಹಾಕಿ, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಈ ಸಲ ಕ್ಲಾಂಪುಗಳನ್ನೂ ಬಿಗಿದರು. ಮೇಸ್ತ್ರಿ ಹುಡುಗನ ಕೈಗೆ ಒಂದು ರಟ್ಟು ಕೊಟ್ಟರು. ಯಾಕೆ ಅಂತ ಹೇಳಲಿಲ್ಲ. ನಾನೇ ಹೇಳಿದೆ.

"ಅಣ್ಣಾ, ಸೂಜಿ ಚುಚ್ಚಿದಷ್ಟೇ ಗಾಯ ಆದ್ರೂ ಆಸ್ಪತ್ರೆಗೆ ಹೋಗ್ಬೇಕಾ?" ಅಂದ ಹುಡುಗ.

"ನೋವಿಲ್ಲದಿದ್ರೂ ಹೋಗ್ಬೇಕು, ಆಗಲೇ ಹೋಗ್ಬೇಕು. ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಮೊದಲೇ ಹೇಳ್ಬೇಕು."