ತಾಜ್ ಮೊದಲೋ, ಕೊನೆಗೋ? ಆಗ್ರಾ ಗೈಡ್ ಕೆಲಸ ಕಲಿಸಿದ ಲೆಕ್ಕ

ದೆಹಲಿಯಿಂದ ಆಗ್ರಾಕ್ಕೆ ಒಂದು ದಿನದ ಪ್ರೈವೇಟ್ ಟೂರ್ ಅಂದರೆ ಬಹುತೇಕ ಏಜೆನ್ಸಿಗಳ ಕಾಗದದಲ್ಲಿ ಇರುವ ಕ್ರಮ ಒಂದೇ. ಬೆಳಿಗ್ಗೆ ತಾಜ್‌ಮಹಲ್, ಆಮೇಲೆ ಕೋಟೆ, ಊಟ, ಮಾರ್ಬಲ್ ಅಂಗಡಿ, ಸಮಯ ಉಳಿದರೆ ಇತ್ಮದ್-ಉದ್-ದೌಲಾ ಅನ್ನುವ ಮೊಘಲ್ ಗೋರಿ. ಸಮಯ ಉಳಿಯುವುದಿಲ್ಲ. ಉಳಿದರೂ ಅಷ್ಟು ಹೊತ್ತಿಗೆ ಕಾಲು ಸೋತು, ‘ಇನ್ನೊಂದು ಗೋರಿ ಯಾಕೆ ಸರ್, ದೊಡ್ಡದೇ ನೋಡಿ ಆಯ್ತಲ್ಲ’ ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ತಾಜ್ ನೋಡಿದ ಕಣ್ಣಿಗೆ ಬೇರೆ ಏನು ತೋರಿಸಿದರೂ ಸಪ್ಪೆ.

ನಾನು ದೆಹಲಿಯಲ್ಲಿದ್ದುಕೊಂಡು ಈ ಕೆಲಸ ಮಾಡುವವನು. ನನ್ನ ಗಾಡಿ ಹತ್ತುವವರಲ್ಲಿ ಕನ್ನಡದ ಕುಟುಂಬಗಳೇ ಹೆಚ್ಚು. ಹವೆ ಒಪ್ಪಿದ ದಿನ ಕಾಗದದ ಕ್ರಮವನ್ನು ತಿರುಗಿಸಿ ಹಾಕುತ್ತೇನೆ: ಇತ್ಮದ್-ಉದ್-ದೌಲಾ ಮೊದಲು, ಕೋಟೆ ನಡುವೆ, ತಾಜ್ ಕೊನೆಗೆ. ಡ್ರೈವರುಗಳು ಮೊದಲಿಗೆ ಗೊಣಗುತ್ತಾರೆ, ಪ್ರವಾಸಿಗಳು ಅನುಮಾನದಿಂದ ನೋಡುತ್ತಾರೆ. ‘ತಾಜ್ ತೋರಿಸ್ತೀರಿ ತಾನೇ?’ ಅಂತ ಹಿಂದಿನ ಸೀಟಿನಿಂದ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ.

ದಾರಿಯೂ ಈ ಕ್ರಮಕ್ಕೇ ಅನುಕೂಲ. 2012ರಲ್ಲಿ ತೆರೆದ, ಸುಮಾರು 165 ಕಿ.ಮೀ. ಉದ್ದದ ಯಮುನಾ ಎಕ್ಸ್‌ಪ್ರೆಸ್‌ವೇ ಆಗ್ರಾದಲ್ಲಿ ನಮ್ಮನ್ನು ಇಳಿಸುವುದು ನದಿಯ ಪೂರ್ವ ದಡದ ಕಡೆಗೆ. ಇತ್ಮದ್-ಉದ್-ದೌಲಾ ಇರುವುದು ಅದೇ ದಡದಲ್ಲಿ. ತಾಜ್, ಕೋಟೆ ಎರಡೂ ಆಚೆ. ಹೊಳೆ ದಾಟಿ ಹೋಗಿ, ಮತ್ತೆ ವಾಪಸ್ ದಾಟಿ ಬರುವ ಬದಲು ಈಚೆಯದನ್ನು ಮುಗಿಸಿಕೊಂಡೇ ದಾಟುವುದು ಒಳ್ಳೆಯದು. ಆಗ್ರಾದ ಸೇತುವೆಗಳ ಟ್ರಾಫಿಕ್ ಗೊತ್ತಿದ್ದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಆದರೆ ನನ್ನ ನಿಜವಾದ ಕಾರಣ ಟ್ರಾಫಿಕ್ ಅಲ್ಲ, ಒಂದು ಮನೆತನ.

ಇತ್ಮದ್-ಉದ್-ದೌಲಾ ಅನ್ನುವುದು ಮಿರ್ಜಾ ಘಿಯಾಸ್ ಬೇಗ್‌ಗೆ ಸಿಕ್ಕ ಬಿರುದು. ಪರ್ಷಿಯಾದಿಂದ ಬಂದವನು, ಜಹಾಂಗೀರನ ದರ್ಬಾರಿನಲ್ಲಿ ವಜೀರನಾದ. ಮಗಳು ನೂರ್ ಜಹಾನ್ ಜಹಾಂಗೀರನ ರಾಣಿ. 1622ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವಳು ಕಟ್ಟಿಸಿದ ಗೋರಿ ಇದು, ಮುಗಿದದ್ದು 1628ರಲ್ಲಿ. ಘಿಯಾಸ್ ಬೇಗ್‌ನ ಮಗ ಆಸಫ್ ಖಾನ್. ಆಸಫ್ ಖಾನನ ಮಗಳು ಅರ್ಜುಮಂದ್ ಬಾನು. ಲೋಕಕ್ಕೆ ಅವಳು ಮುಮ್ತಾಜ್ ಮಹಲ್.

ಅಂದರೆ ನಾವು ಬೆಳಿಗ್ಗೆ ನೋಡುತ್ತಿರುವುದು ತಾಜ್‌ನಲ್ಲಿ ಮಲಗಿರುವವಳ ಅಜ್ಜನ ಗೋರಿ. ಇಷ್ಟು ಹೇಳಿದ ಕೂಡಲೇ ಜೊತೆಯಲ್ಲಿರುವ ಅಜ್ಜಿಯಂದಿರ ಮುಖವೇ ಬದಲಾಗುತ್ತದೆ. ಅಲ್ಲಿಯವರೆಗೆ ಮೊಘಲರು ಅಂದರೆ ಮಕ್ಕಳ ಪಾಠಪುಸ್ತಕದ ಇಸವಿಗಳು. ಈಗ ಸೋದರತ್ತೆ ಯಾರು, ಮಾವ ಯಾರು, ಯಾರ ಮಗಳನ್ನು ಯಾರಿಗೆ ಕೊಟ್ಟರು ಅನ್ನುವ ಪ್ರಶ್ನೆಗಳು ಶುರು. ‘ಹಾಗಾದ್ರೆ ನೂರ್ ಜಹಾನ್ ಮುಮ್ತಾಜ್‌ಗೆ ಅತ್ತೆ ಆಗ್ಬೇಕಲ್ಲಪ್ಪ?’ ಅಂತ ಒಬ್ಬ ಅಜ್ಜಿ ನನಗಿಂತ ಬೇಗ ಲೆಕ್ಕ ಹಾಕಿಬಿಟ್ಟರು. ‘ಹೌದಮ್ಮ, ಸೋದರತ್ತೆ’ ಅಂದೆ. ಆಮೇಲೆ ಆ ದಿನ ನನ್ನ ಕೆಲಸ ಅರ್ಧ ಅವರೇ ಮಾಡಿದರು.

ಇಲ್ಲಿ ಜನ ಕಡಿಮೆ. ಗೋಡೆಯ ಹತ್ತಿರ ಹೋಗಿ, ಬಿಳಿ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸಿದ ಕೆಲಸವನ್ನು ನಿಧಾನವಾಗಿ ನೋಡಬಹುದು. ಇದನ್ನು ಪರ್ಚಿನ್‌ಕಾರಿ ಅನ್ನುತ್ತಾರೆ. ಹೂದಾನಿ, ಸೈಪ್ರೆಸ್ ಮರ, ಹಣ್ಣು, ಮದ್ಯದ ಹೂಜಿ, ನಡುನಡುವೆ ಜ್ಯಾಮಿತಿಯ ಜಾಲ. ಗೋಡೆಯಲ್ಲಿ ಖಾಲಿ ಜಾಗವೇ ಇಲ್ಲದಷ್ಟು ತುಂಬಿದ್ದಾರೆ. ಸಂಜೆ ತಾಜ್‌ನ ಗೋಡೆಯಲ್ಲಿ ಬಿಳಿ ಕಲ್ಲನ್ನು ಎಷ್ಟು ಖಾಲಿ ಬಿಟ್ಟಿದ್ದಾರೆ ಅನ್ನುವುದು ಕಣ್ಣಿಗೆ ಬೀಳಬೇಕಾದರೆ ಬೆಳಿಗ್ಗೆ ಈ ತುಂಬಿದ ಗೋಡೆಯನ್ನು ನೋಡಿರಬೇಕು. ಇನ್ನೂ ಎರಡು ವಿಷಯ ತೋರಿಸಿ ಸುಮ್ಮನಾಗುತ್ತೇನೆ. ನಾಲ್ಕು ಮೂಲೆಯ ಗಿಡ್ಡ ಗೋಪುರಗಳು ಇಲ್ಲಿ ಕಟ್ಟಡಕ್ಕೇ ಅಂಟಿಕೊಂಡಿವೆ. ಕಟ್ಟಡ ತೋಟದ ನಟ್ಟನಡುವೆ ಇದೆ. ಇವೆರಡೂ ತಾಜ್‌ನಲ್ಲಿ ಹೇಗೆ ಬದಲಾಗುತ್ತವೆ ಅಂತ ಈಗ ಹೇಳುವುದಿಲ್ಲ.

ಒಳಗೆ ಎರಡು ಹಳದಿ ಗೋರಿಗಳು ಅಕ್ಕಪಕ್ಕ. ಕೋಣೆಯ ನಟ್ಟನಡುವೆ ಇರುವುದು ಯಾರದು ಅಂತ ಮಕ್ಕಳನ್ನು ಕೇಳುತ್ತೇನೆ. ವಜೀರನದೇ ಅನ್ನುತ್ತಾರೆ, ದೊಡ್ಡವರೂ ತಲೆಯಾಡಿಸುತ್ತಾರೆ. ಅಲ್ಲ, ಅದು ಅವನ ಹೆಂಡತಿ ಅಸ್ಮತ್ ಬೇಗಂಳದು. ಅವಳು ಮೊದಲು ಹೋದಳು, ಅವನು ಪಕ್ಕಕ್ಕೆ ಬಂದ. ಇಷ್ಟೇ. ಮುಂದೆ ಎಳೆಯುವುದಿಲ್ಲ.

ಕೋಟೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. ಅಲ್ಲಿನ ದೊಡ್ಡ ಭಾಗ ಸೇನೆಯ ವಶದಲ್ಲಿದೆ, ಬಿಟ್ಟ ಭಾಗವೇ ಸಾಕಷ್ಟು ನಡಿಗೆ. ಅಮರ್ ಸಿಂಗ್ ಬಾಗಿಲಿನ ಏರು ಮಂಡಿನೋವಿನವರಿಗೆ ಕಷ್ಟ. ಅಕ್ಬರ 1565ರಿಂದ ಕಟ್ಟಿಸಿದ್ದು ಕೆಂಪು ಕಲ್ಲಿನಲ್ಲಿ. ಅದೇ ಗೋಡೆಗಳ ಒಳಗೆ ಮೊಮ್ಮಗ ಷಹಜಹಾನ್ ಕಟ್ಟಿಸಿದ ಖಾಸ್ ಮಹಲ್ ಬಿಳಿ. ಜಹಾಂಗೀರಿ ಮಹಲ್‌ನಿಂದ ಖಾಸ್ ಮಹಲ್‌ಗೆ ನಡೆದರೆ ಕೆಂಪು ಹೋಗಿ ಬಿಳಿ ಬರುವುದು ಕಾಲಿಗೇ ಗೊತ್ತಾಗುತ್ತದೆ, ವಿವರಣೆ ಬೇಡ. ಉಳಿದ ಅಂಗಳಗಳ ಹೆಸರು ಹೇಳುತ್ತಾ ಹೋದರೆ ಅರ್ಧ ಜನ ಫೋನ್ ತೆಗೆಯುತ್ತಾರೆ.

ನದಿಯ ಕಡೆಯ ಅಂಚಿಗೆ ಬಂದಾಗ ಮಾತ್ರ ನಿಲ್ಲಿಸುತ್ತೇನೆ. 1658ರಲ್ಲಿ ಔರಂಗಜೇಬ ಅಪ್ಪನನ್ನು ಈ ಕೋಟೆಯಲ್ಲಿ ಬಂಧಿಸಿಟ್ಟ. 1666ರಲ್ಲಿ ಸಾಯುವವರೆಗೂ ಷಹಜಹಾನ್ ಇಲ್ಲೇ ಇದ್ದ, ಮಗಳು ಜಹನಾರಾ ನೋಡಿಕೊಂಡಳು. ಎಂಟು ಮೂಲೆಯ ಗೋಪುರ ಮುಸಮ್ಮನ್ ಬುರ್ಜ್ ಇರುವುದು ಇದೇ ಸಾಲಿನಲ್ಲಿ. ಇಲ್ಲಿಂದ ಸುಮಾರು ಎರಡೂವರೆ ಕಿ.ಮೀ. ದೂರದಲ್ಲಿ, ಹೊಳೆಯ ತಿರುವಿನಾಚೆ ತಾಜ್. ನಮ್ಮವರು ಅದನ್ನು ಮೊದಲ ಸಲ ಸರಿಯಾಗಿ ನೋಡುವುದು ಇಲ್ಲಿಂದಲೇ, ದೂರದಿಂದ, ಸಣ್ಣದಾಗಿ. ದಾರಿಯಲ್ಲಿ ಗುಮ್ಮಟ ಇಣುಕಿದ್ದರೂ ಅದು ಲೆಕ್ಕಕ್ಕಿಲ್ಲ. ಬೆಳಿಗ್ಗೆಯೇ ತಾಜ್ ನೋಡಿ ಬಂದವರು ಇಲ್ಲಿ ‘ಅಗೋ ಅಲ್ಲಿದೆ’ ಅಂತ ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಇನ್ನೂ ನೋಡದವರು ನಿಲ್ಲುತ್ತಾರೆ. ಆ ವ್ಯತ್ಯಾಸಕ್ಕಾಗಿಯೇ ನಾನು ಡ್ರೈವರುಗಳ ಗೊಣಗಾಟ ಸಹಿಸಿಕೊಳ್ಳುವುದು.

ತಾಜ್‌ಗೆ ಹೋಗುವ ಮೊದಲು ಗಾಡಿಯಲ್ಲೇ ಅರ್ಧ ಕೆಲಸ ಮುಗಿಸಬೇಕು. ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಸ್ಮಾರಕದ ಹತ್ತಿರ ಬಿಡುವುದಿಲ್ಲ. ಪಾರ್ಕಿಂಗ್‌ನಲ್ಲಿಳಿದು ಬ್ಯಾಟರಿ ಗಾಡಿ ಹಿಡಿಯಬೇಕು ಇಲ್ಲವೇ ನಡೆಯಬೇಕು. ಆ ಜಾಗದಲ್ಲೇ ಲಪಕಾಗಳು, ಅಂದರೆ ಗಿರಾಕಿ ಹಿಡಿಯುವ ದಲ್ಲಾಳಿಗಳು, ಮುತ್ತಿಕೊಳ್ಳುತ್ತಾರೆ. ಭಾರತೀಯರಿಗೆ ಟಿಕೆಟ್ 50 ರೂಪಾಯಿ, ಗೋರಿಯ ಮುಖ್ಯ ಕಟ್ಟಡಕ್ಕೆ ಹತ್ತಬೇಕಾದರೆ ಮೇಲೆ 200. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಆ 200 ಉಳಿಸೋಣ ಅನ್ನುವ ಯಜಮಾನರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಇಷ್ಟು ದೂರ ಬಂದು ಕೆಳಗೇ ನಿಲ್ಲುವುದು ಬೇಡ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಟಿಕೆಟ್‌ಗೆ ಮೂರು ಗಂಟೆಯ ಮಿತಿ ಇದೆ. ತಿಂಡಿ, ಟ್ರೈಪಾಡ್, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಸೆಕ್ಯುರಿಟಿ ಸಾಲಿನಲ್ಲಿ ನಿಂತ ಮೇಲೆ ಬ್ಯಾಗಿನಲ್ಲಿ ಚಕ್ಕುಲಿ ಪೊಟ್ಟಣ ಸಿಕ್ಕರೆ ಮತ್ತೆ ಹಿಂದಕ್ಕೆ ಹೋಗಿಬರಬೇಕು, ಮೂಡ್ ಅಲ್ಲೇ ಕೆಡುತ್ತದೆ. ಶುಕ್ರವಾರ ತಾಜ್‌ಗೆ ರಜೆ. ಇದನ್ನೂ ನೋಡದೆ ರೈಲು ಟಿಕೆಟ್ ಮಾಡಿಸಿಕೊಂಡವರು ಫೋನ್ ಮಾಡುವುದು ಇಂದಿಗೂ ತಪ್ಪಿಲ್ಲ.

ಹೇಳಬೇಕಾದದ್ದನ್ನೆಲ್ಲ ನಾನು ಹೊರ ಅಂಗಳದಲ್ಲೇ, ದೊಡ್ಡ ದರ್ವಾಜಾ ದಾಟುವ ಮೊದಲೇ ಹೇಳಿಬಿಡುತ್ತೇನೆ. 1631ರಲ್ಲಿ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ಮುಮ್ತಾಜ್ ಸತ್ತದ್ದು, ಮೊದಲು ಅಲ್ಲೇ ಮಣ್ಣು ಮಾಡಿ ಆಮೇಲೆ ಆಗ್ರಾಕ್ಕೆ ತಂದದ್ದು, 1632ರಲ್ಲಿ ಕೆಲಸ ಶುರುವಾಗಿ ಇಡೀ ಆವರಣ ಮುಗಿಯುವಷ್ಟರಲ್ಲಿ ಸುಮಾರು 1653 ಆದದ್ದು, ಕಲ್ಲು ರಾಜಸ್ಥಾನದ ಮಕ್ರಾನಾದಿಂದ ಬಂದದ್ದು. ದರ್ವಾಜಾದ ಕಮಾನಿನ ಕೆಳಗೆ ನಿಂತು ಇತಿಹಾಸ ಹೇಳುವ ಗೈಡುಗಳಿದ್ದಾರೆ. ಕಣ್ಣೆದುರು ತಾಜ್ ಇರುವಾಗ ಯಾರಿಗೆ ಕಿವಿ ಇರುತ್ತದೆ? ಹಿಂದಿನಿಂದ ಜನ ಬೇರೆ ತಳ್ಳುತ್ತಿರುತ್ತಾರೆ.

ತಾಜ್ ಕಟ್ಟಿದವರ ಕೈಯನ್ನು ಷಹಜಹಾನ್ ಕಡಿಸಿದ ಅನ್ನುವ ಕಥೆ ಬಂದೇ ಬರುತ್ತದೆ. ನಾನು ಹೇಳದಿದ್ದರೂ ಗುಂಪಿನಲ್ಲಿ ಯಾರಾದರೂ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ ಅಂತ ಒಣ ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ನಿರಾಸೆ. ಅದಕ್ಕೇ ಬದಲಿಗೆ ದೆಹಲಿಯ ಕೆಂಪು ಕೋಟೆಯನ್ನು ನೆನಪಿಸುತ್ತೇನೆ. ಹಿಂದಿನ ದಿನವೋ ಮರುದಿನವೋ ಅವರು ಅದನ್ನೂ ನೋಡುವವರೇ. ತಾಜ್‌ನ ಕೆಲಸ ನಡೆಯುತ್ತಿದ್ದಾಗಲೇ, 1639ರಲ್ಲಿ, ಷಹಜಹಾನ್ ಅಲ್ಲಿ ಹೊಸ ಕೋಟೆ ಶುರು ಮಾಡಿಸಿದ. ತಾಜ್‌ನ ಜೊತೆ ಹೆಸರು ಕೇಳಿಬರುವ ವಾಸ್ತುಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿ ಅಲ್ಲೂ ಕೆಲಸ ಮಾಡಿದ. ಕೈ ಕಡಿಸುವ ದೊರೆಗೆ ಮುಂದಿನ ಕಟ್ಟಡಕ್ಕೆ ಆಳು ಎಲ್ಲಿಂದ ಬರಬೇಕು? ಷಹಜಹಾನ್ ತನಗಾಗಿ ನದಿಯಾಚೆ ಕಪ್ಪು ತಾಜ್ ಕಟ್ಟಿಸಲು ಹೊರಟಿದ್ದ ಅನ್ನುವ ಕಥೆಗೂ ಹೀಗೇ. ನದಿಯಾಚೆಯ ಮೆಹ್ತಾಬ್ ಬಾಗ್‌ನಲ್ಲಿ 1990ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು ತೋಟ ಮತ್ತು ಎಂಟು ಮೂಲೆಯ ದೊಡ್ಡ ಕೊಳ. ಕಪ್ಪು ಅಂದುಕೊಂಡಿದ್ದ ಕಲ್ಲುಗಳು ಬಣ್ಣಗೆಟ್ಟ ಬಿಳಿಯವೇ. ನನ್ನ ಅಭಿಪ್ರಾಯ ಕೇಳಿದರೆ, ಕಪ್ಪು ಗೋರಿಗಿಂತ ನೀರಿನಲ್ಲಿ ಬಿಳಿ ಗೋರಿಯನ್ನು ಕಾಣಿಸುವ ಕೊಳವೇ ಹೆಚ್ಚು ಚಂದದ ಯೋಚನೆ.

ಒಳಗೆ ಹೋದ ಮೇಲೆ ಮಾತು ಕಡಿಮೆ. ಗೋಪುರಗಳು ಇಲ್ಲಿ ಕಟ್ಟಡ ಬಿಟ್ಟು ದೂರ ನಿಂತಿವೆ, ಗೋರಿ ತೋಟದ ನಡುವಿನಿಂದ ನದಿಯಂಚಿಗೆ ಸರಿದಿದೆ. ಬೆಳಿಗ್ಗೆ ನೋಡಿದ್ದರಿಂದ ಮಕ್ಕಳು ತಾವಾಗಿಯೇ ಹೇಳುತ್ತಾರೆ. ಗುಮ್ಮಟದ ಕೆಳಗಂತೂ ನಾನು ಬಾಯಿ ತೆರೆಯುವುದೇ ಇಲ್ಲ. ಅಲ್ಲಿ ಒಂದು ಮಾತು ಹತ್ತು ಸಲ ಮರುದನಿಸುತ್ತದೆ, ಜನ ನಿಲ್ಲಲು ಬಿಡುವುದಿಲ್ಲ, ಫೋಟೊ ತೆಗೆಯುವಂತಿಲ್ಲ. ಗೋರಿಗಳನ್ನು ಸುತ್ತುವರಿದ ಕಲ್ಲಿನ ಜಾಲರಿಗೆ ಒಂದು ಸುತ್ತು ಬರುವಷ್ಟೇ ಹೊತ್ತು. ಆದರೂ ಹೊರಗೆ ಬಂದ ಕೂಡಲೇ ಕೇಳಿಬರುವ ಮೊದಲ ಮಾತು ಒಂದೇ: ‘ಇಲ್ಲೂ ಹೆಂಡತೀನೇ ನಡುವೆ!’ ಹೌದು, ಷಹಜಹಾನ್‌ನದು ಪಕ್ಕಕ್ಕೆ, ಪಶ್ಚಿಮದ ಕಡೆ. ಎಡಬಲ ಸಮ ಇರುವ ಇಡೀ ಕಟ್ಟಡದಲ್ಲಿ ಅದೊಂದೇ ಅಳತೆ ತಪ್ಪಿದ್ದು. ಅಜ್ಜಅಜ್ಜಿಯ ಗೋರಿಯಲ್ಲಿ ಹೇಗೋ ಮೊಮ್ಮಗಳ ಗೋರಿಯಲ್ಲೂ ಹಾಗೇ. ನಾನು ಹೇಳಿದ್ದರೆ ಅದು ಒಂದು ಮಾಹಿತಿ ಆಗುತ್ತಿತ್ತು, ಅಷ್ಟೇ.

ಈ ಕ್ರಮ ಎಲ್ಲ ದಿನಕ್ಕೂ ಹೊಂದುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮಧ್ಯಾಹ್ನದ ಆಗ್ರಾದಲ್ಲಿ ಯಾರಿಗೂ ಅಜ್ಜ-ಮೊಮ್ಮಗಳ ಕಥೆ ಬೇಡ. ಆಗ ರಾತ್ರಿಯಲ್ಲೇ ದೆಹಲಿ ಬಿಟ್ಟು ಸೂರ್ಯೋದಯಕ್ಕೆ ತಾಜ್ ಮುಗಿಸಬೇಕು, ಬೇರೆ ದಾರಿಯಿಲ್ಲ. ಡಿಸೆಂಬರ್, ಜನವರಿಯಲ್ಲಿ ಇದಕ್ಕೆ ವಿರುದ್ಧ. ಮಂಜಿನಲ್ಲಿ ಬೆಳಗಿನ ತಾಜ್ ಕಾಣಿಸುವುದೇ ಇಲ್ಲದ ದಿನಗಳಿವೆ, ಎಕ್ಸ್‌ಪ್ರೆಸ್‌ವೇಯಲ್ಲೂ ಚಳಿಗಾಲಕ್ಕೆ ವೇಗದ ಮಿತಿ ಇಳಿಸುತ್ತಾರೆ. ಆಗ ತಡವಾಗಿ ಹೊರಟು ತಾಜ್ ಅನ್ನು ಮಧ್ಯಾಹ್ನದಾಚೆಗೆ ಇಡುವುದೇ ಜಾಣತನ. ರಜೆಯ ವಾರಾಂತ್ಯದಲ್ಲಿ ಸಂಜೆಯ ನೂಕುನುಗ್ಗಲು ವಿಪರೀತ. ಗುಂಪಿನಲ್ಲಿ ಗಾಲಿಕುರ್ಚಿಯವರು, ಕೈಗೂಸಿನವರು ಇದ್ದರೆ ನನ್ನ ಇಷ್ಟದ ಕ್ರಮವನ್ನು ನಾನೇ ಬಿಟ್ಟುಕೊಡುತ್ತೇನೆ. ಅದಕ್ಕೇ ಹಿಂದಿನ ಸಂಜೆ ಫೋನ್ ಮಾಡಿ ಯಾರ ಮಂಡಿ ಹೇಗಿದೆ, ಯಾರಿಗೆ ಎಷ್ಟು ಹೊತ್ತಿಗೆ ಮಾತ್ರೆ, ಗಾಡಿಯಲ್ಲಿ ಯಾರಿಗೆ ವಾಂತಿ ಆಗುತ್ತದೆ ಅಂತ ವಿಚಾರಿಸುವುದು. ಇತಿಹಾಸ ಓದಿಕೊಳ್ಳದಿದ್ದರೂ ಒಂದು ದಿನ ತಳ್ಳಬಹುದು, ಈ ಫೋನ್ ಮಾಡದೆ ಆಗುವುದಿಲ್ಲ.

ಮಾರ್ಬಲ್ ಅಂಗಡಿಯ ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅಲ್ಲಿ ಕಮಿಷನ್ ಇದೆ, ಗೈಡಿಗೂ ಡ್ರೈವರಿಗೂ. ಪ್ರವಾಸಿಗಳಿಗೂ ಇದು ಗೊತ್ತು, ಗೊತ್ತಿಲ್ಲದವರಂತೆ ಇರುತ್ತಾರೆ. ನಾನು ಹೊರಡುವಾಗಲೇ ಕೇಳಿಬಿಡುತ್ತೇನೆ: ‘ಪರ್ಚಿನ್‌ಕಾರಿ ಮಾಡುವುದನ್ನು ನೋಡಬೇಕಾ? ನೋಡಿದರೆ ಅಂಗಡಿಯವರು ಮಾರಲು ಬರುತ್ತಾರೆ, ನನಗೆ ಅದರಲ್ಲಿ ಪಾಲಿದೆ.’ ಬೇಡ ಅಂದರೆ ಬೇಡ, ಆ ಹೊತ್ತು ಕೋಟೆಗೆ ಸಿಗುತ್ತದೆ. ಬೇಕು ಅಂದವರು ಕುಶಲಕರ್ಮಿ ತಿರುಗುವ ಸಾಣೆಗೆ ಬೆರಳ ತುದಿಯಿಂದ ಎಸಳಿನಷ್ಟು ಕಲ್ಲು ಹಿಡಿದು ಉಜ್ಜುವುದನ್ನು ನೋಡುತ್ತಾರೆ. ನಿಜ ಹೇಳಬೇಕೆಂದರೆ, ಅಂಗಡಿಗೆ ಹೋಗುವುದೇ ಆದರೆ ಅದನ್ನೂ ತಾಜ್‌ಗೆ ಮೊದಲೇ ಇಡಬೇಕು. ಒಂದು ಎಸಳಿಗೆ ಎಷ್ಟು ಹೊತ್ತು ಬೇಕು ಅಂತ ನೋಡಿದವರು ಗೋಡೆಯನ್ನು ನೋಡುವ ರೀತಿಯೇ ಬೇರೆ.

ಊಟದ ಹೊತ್ತಿಗೆ ಯಾರಾದರೂ ಮ್ಯಾಪ್ ತೆಗೆದು, ‘ಫತೇಪುರ್ ಸಿಕ್ರಿ ನಲವತ್ತೇ ಕಿಲೋಮೀಟರ್ ಅಂತೆ, ಅದನ್ನೂ ಮುಗಿಸಿಬಿಡೋಣ’ ಅನ್ನುತ್ತಾರೆ. ಹೋಗಿ ಬರುವುದು ಎರಡು ಗಂಟೆಗೂ ಮಿಕ್ಕಿ, ಒಳಗೆ ನಡೆಯುವುದು ಇನ್ನೆರಡು. ಅಕ್ಬರ 1571ರಿಂದ ಕಟ್ಟಿಸಿದ ಊರಿನಷ್ಟು ದೊಡ್ಡ ಜಾಗವದು, ಓಡುತ್ತಾ ನೋಡುವಂಥದ್ದಲ್ಲ. ‘ಒಂದು ರಾತ್ರಿ ಉಳಿಯುವುದಾದರೆ ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗೋಣ ಸರ್, ಇವತ್ತಾದರೆ ಬೇಡ’ ಅನ್ನುತ್ತೇನೆ. ಕೆಲವರು ಅಲ್ಲೇ ರೂಮ್ ಹುಡುಕಲು ಶುರು ಮಾಡುತ್ತಾರೆ, ಕೆಲವರು ಏಜೆನ್ಸಿಗೆ ಫೋನ್ ಮಾಡಿ ಗೈಡ್ ಸೋಮಾರಿ ಅಂತ ದೂರುತ್ತಾರೆ.