ನನಗಿಂತ ನಾಲ್ಕು ತಿಂಗಳು ದೊಡ್ಡವಳು

1980ರ ಮಳೆಗಾಲ. ವಿರಾಜಪೇಟೆಯ ನಮ್ಮ ಮನೆಯ ರೇಡಿಯೊದಲ್ಲಿ ಗೊರಗೊರ ಸದ್ದಿನ ನಡುವೆ 'ಆಪ್ ಜೈಸಾ ಕೋಯಿ' ತೇಲಿಬಂತು. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಇದಕ್ಕೆ ರಾಗ ಹಾಕಿದವನು ನಮ್ಮ ಕೊಡಗಿನವನು, ಬಿದ್ದು ಅಪ್ಪಯ್ಯ" ಎಂದರು. ಬಿದ್ದು ಹುಟ್ಟಿದ್ದು ಬೆಂಗಳೂರಿನಲ್ಲಿ, ಹೆಸರು ಮಾಡಿದ್ದು ಲಂಡನ್ನಿನಲ್ಲಿ. ದೊಡ್ಡಪ್ಪನ ಲೆಕ್ಕದಲ್ಲಿ ಅವೆರಡೂ ಕೊಡಗಿಗೇ ಸೇರಿದ್ದವು. ಆ ಹಾಡಿದ್ದ 'ಕುರ್ಬಾನಿ' ಸಿನಿಮಾ ತೆಗೆದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲಿ ಹುಟ್ಟಿದವರೆಂದು ತಿಳಿದ ಮೇಲಂತೂ ಹಾಡು ನಮ್ಮ ಮನೆಯ ಆಸ್ತಿಯೇ ಆಯಿತು. ಹಾಡಿದವಳು ಯಾರೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಕರಾಚಿಯ ನಾಜಿಯಾ ಹಸನ್. 1965ರ ಏಪ್ರಿಲ್‌ನಲ್ಲಿ ಹುಟ್ಟಿದವಳು, ನಾನು ಆಗಸ್ಟ್‌ನಲ್ಲಿ. ಹಾಗಾಗಿ ಏಕವಚನವೇ ಬಾಯಿಗೆ ಬರುತ್ತದೆ. ಲಂಡನ್ನಿನ ಪಾರ್ಟಿಯೊಂದರಲ್ಲಿ ಫಿರೋಜ್ ಖಾನ್ ಅವರ ಕಣ್ಣಿಗೆ ಬಿದ್ದಾಗ ಅವಳಿನ್ನೂ ಶಾಲೆಯ ಹುಡುಗಿ. ತರಬೇತಿಯ ನಯವಿಲ್ಲದ, ಸ್ವಲ್ಪ ಮೂಗಿನಿಂದಲೇ ಬರುವ ದನಿ. ಲತಾ, ಆಶಾರನ್ನು ಕೇಳಿ ಬೆಳೆದ ಕಿವಿಗೆ ಅದು ಹಾಡುಗಾರಿಕೆಯೇ ಅಲ್ಲ ಎನಿಸಬೇಕಿತ್ತು. ನನಗೆ ಮಾತ್ರ ಪಕ್ಕದ ಬೆಂಚಿನವಳು ಗುನುಗಿದಂತಿತ್ತು. ಅವಳಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದ 1981ರಲ್ಲಿ ನನಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬಂದದ್ದು 38.

ಅದೇ ವರ್ಷ ತಮ್ಮ ಜೊಹೇಬ್ ಜೊತೆ ಹಾಡಿದ 'ಡಿಸ್ಕೋ ದೀವಾನೆ' ಬಂತು. ಧರ್ಮದ ಕಟ್ಟುಪಾಡು ಬಿಗಿಗೊಳಿಸಿದ್ದ ಸೇನಾ ಸರ್ವಾಧಿಕಾರಿ ಜಿಯಾ ಉಲ್ ಹಕ್ ಆಳುತ್ತಿದ್ದ ಪಾಕಿಸ್ತಾನದಿಂದ ಡಿಸ್ಕೋ! ಪೇಟೆಯ ರೆಕಾರ್ಡಿಂಗ್ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಂಡೆ. ಉಳಿದ ಜಾಗಕ್ಕೆ ಅಂಗಡಿಯವನು ಕೇಳದೆಯೇ ದೇವರನಾಮ ಹಾಕಿದ್ದ. ಇಂದಿಗೂ ಆ ಹಾಡು ಮುಗಿದರೆ ನನ್ನ ತಲೆಯೊಳಗೆ ತಾಳದ ಸದ್ದು ಶುರುವಾಗುತ್ತದೆ.

ಆಮೇಲೆ ಮದುವೆ, ಮಕ್ಕಳು; ಅವಳ ಸುದ್ದಿ ಕೈತಪ್ಪಿತು. ಅವಳೋ ಲಂಡನ್ನಿನಲ್ಲಿ ಕಾನೂನು ಓದಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಫ್ಘನ್ ಯುದ್ಧದ ವರ್ಷಗಳಲ್ಲಿ ಕರಾಚಿಯ ಓಣಿಗಳಿಗೆ ಹೆರಾಯಿನ್ ಹರಿದುಬಂದಿತ್ತು. 1992ರ 'ಕ್ಯಾಮೆರಾ ಕ್ಯಾಮೆರಾ'ವನ್ನು ಅಕ್ಕ ತಮ್ಮ ಮಾದಕವಸ್ತು ವಿರೋಧಿ ಅಭಿಯಾನಕ್ಕೆ ಜೋಡಿಸಿದರು. ಅದು ಅವರ ಕೊನೆಯ ಆಲ್ಬಂ. ಕರಾಚಿಯ ಬಡ ಮಕ್ಕಳಿಗಾಗಿಯೂ ದುಡಿದಳು. ಹಾಡಿನಿಂದ ಬಂದ ಹೆಸರನ್ನು ಇಂಥ ಕೆಲಸಕ್ಕೆ ಖರ್ಚು ಮಾಡಿ, ಹಾಡುವುದನ್ನೇ ಬಿಟ್ಟವರು ನನಗೆ ಬೇರೆ ಯಾರೂ ನೆನಪಾಗುವುದಿಲ್ಲ.

2000ನೇ ಇಸವಿ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಚಿಕ್ಕ ಮಗನಿದ್ದ. ಮದುವೆ ಮುರಿದು ಕೆಲವೇ ದಿನಗಳಾಗಿದ್ದವು. ಅವಳ ವಯಸ್ಸು 35. ಅದೇ ತಿಂಗಳು ನನಗೂ 35 ತುಂಬಿತು.

ಸುದ್ದಿ ಓದಿ ಹೇಳಿದಾಗ ದೊಡ್ಡಪ್ಪ ಆರಾಮ ಕುರ್ಚಿಯಲ್ಲಿದ್ದರು. "ಅಯ್ಯೋ ಪಾಪ, ನಮ್ಮ ಬಿದ್ದುವಿನ ಹಾಡು ಹಾಡಿದ ಹುಡುಗಿ" ಎಂದರು.

"ಅವಳ ಹೆಸರು ನಾಜಿಯಾ, ದೊಡ್ಡಪ್ಪಾ" ಎಂದೆ, ಸ್ವಲ್ಪ ಜೋರಾಗಿಯೇ.

ಅಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. "ಏನು?" ಎಂದರು. ಇನ್ನೊಮ್ಮೆ ಹೇಳಿದೆ.